ಕೆನೆಯ ಮೇಲೆ ಬೆರಳ ಗುರುತು: ಕವಿ, ಬಿಷಪ್ ಫೋರ್ಟುನಾಟಸ್‌ನ ಕಥೆ

ಕನ್ಯಾಮಠವೊಂದರಿಂದ ಕವಿಯ ಮನೆಗೆ ಹಾಲಿನ ಕೆನೆ ಬರುತ್ತದೆ. ಅದರ ಮೇಲೆ ಬೆರಳುಗಳ ಗುರುತು ಮೂಡಿದೆ. ಕಳುಹಿಸಿದವಳು ಮಠದ ಮುಖ್ಯಸ್ಥೆ ಆಗ್ನೆಸ್. ಕೆನೆ ತೆಗೆಯುವಾಗ ಅವಳ ಕೈ ತಾಕಿದ ಜಾಗ ಅದು. ಕವಿ ಉತ್ತರವಾಗಿ ಪದ್ಯ ಬರೆಯುತ್ತಾನೆ: ಈ ಎಳೆಯ ಉಗುರುಗಳಿಗೆ ಕೆತ್ತನೆ ಕಲಿಸಿದವರು ಯಾರು? ಪುರಾಣದ ಶಿಲ್ಪಿ ಡೇಡಲಸ್ ಏನಾದರೂ ನಿನಗೆ ಗುರುವಾಗಿದ್ದನೇ? ತೆಳುವಾದ ಪದರ ಒಡೆದು ಚಿತ್ರ ಕೈಬಿಟ್ಟುಹೋಯಿತಲ್ಲ ಎಂಬ ಕೊರಗೂ ಆ ಪದ್ಯದಲ್ಲಿದೆ. ಇದು ನಡೆದದ್ದು ಆರನೆಯ ಶತಮಾನದ ಗಾಲ್‌ನಲ್ಲಿ, ಅಂದರೆ ಇಂದಿನ ಫ್ರಾನ್ಸಿನಲ್ಲಿ. ಕವಿಯ ಹಸಿವಿನ ಬಗ್ಗೆ ಅವನೇ ಬರೆದುಕೊಂಡದ್ದನ್ನು ನೋಡಿದರೆ ಕೆನೆ ಅಂದು ಸಂಜೆಯವರೆಗೂ ಉಳಿದಿರಲಾರದು. ಬೆರಳ ಗುರುತು ಮಾತ್ರ 1,400 ವರ್ಷಗಳಿಂದ ಹಾಗೇ ಇದೆ.

ಕವಿಯ ಹೆಸರು ವೆನಾಂಟಿಯಸ್ ಫೋರ್ಟುನಾಟಸ್. ಅವನು ಬರೆದ ಎರಡು ಶಿಲುಬೆಯ ಗೀತೆಗಳು ಇಂದಿಗೂ ಕಥೋಲಿಕ ಆರಾಧನೆಯಲ್ಲಿ ಬಳಕೆಯಲ್ಲಿವೆ. ಕೈಗೆ ರಕ್ತ ಅಂಟಿದ ರಾಜನೊಬ್ಬನನ್ನು ಬಾಯ್ತುಂಬ ಹೊಗಳಿದವನೂ ಇವನೇ. ಕೊನೆಗಾಲದಲ್ಲಿ ಬಿಷಪ್ ಆದ, ಸತ್ತ ಮೇಲೆ ಸಂತನೆನಿಸಿಕೊಂಡ. ಹಿಂದಿನ ತಲೆಮಾರುಗಳ ವಿದ್ವಾಂಸರು ಇವನನ್ನು ಊಟಕ್ಕಾಗಿ ಪದ್ಯ ಹೊಸೆಯುವ ಹೊಗಳುಭಟ್ಟ ಎಂದು ತಳ್ಳಿಹಾಕಿದ್ದುಂಟು. ಹಾಗಾದರೆ ಆ ಗೀತೆಗಳು ಎಲ್ಲಿಂದ ಬಂದವು? ನನಗೆ ಕಾಣುವ ಮಟ್ಟಿಗೆ, ಹೊಗಳುವ ಕಸುಬಿನಿಂದಲೇ.

ಫೋರ್ಟುನಾಟಸ್ ಹುಟ್ಟಿದ್ದು 530ರ ದಶಕದ ಆಸುಪಾಸಿನಲ್ಲಿ, ಇಟಲಿಯ ಈಶಾನ್ಯ ಮೂಲೆಯಲ್ಲಿ, ಟ್ರೆವಿಸೊ ಬಳಿಯ ಇಂದಿನ ವಾಲ್ದೊಬ್ಬಿಯಾದೆನೆಯಲ್ಲಿ. ಓದಿದ್ದು ರವೆನ್ನಾದಲ್ಲಿ. ಪಶ್ಚಿಮ ರೋಮನ್ ಸಾಮ್ರಾಜ್ಯ ಕುಸಿದು ಆಗಲೇ ಎರಡು ತಲೆಮಾರು ಕಳೆದಿತ್ತು. ಆದರೆ 540ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ಸೇನೆ ರವೆನ್ನಾವನ್ನು ಗೆದ್ದುಕೊಂಡಿದ್ದರಿಂದ ಆ ಊರಿನಲ್ಲಿ ವ್ಯಾಕರಣ, ಅಲಂಕಾರ, ಕಾನೂನುಗಳ ಹಳೆಯ ಪಾಠಕ್ರಮ ಇನ್ನೂ ಉಸಿರಾಡುತ್ತಿತ್ತು. ಅಲ್ಲಿದ್ದಾಗ ಅವನಿಗೂ ಅವನ ಗೆಳೆಯ ಫೆಲಿಕ್ಸ್‌ಗೂ ಕಣ್ಣುಬೇನೆ ಬಂತು. ಚರ್ಚೊಂದರಲ್ಲಿ ಸಂತ ಮಾರ್ಟಿನನ ಚಿತ್ರದ ಬಳಿ ಉರಿಯುತ್ತಿದ್ದ ದೀಪದ ಎಣ್ಣೆಯನ್ನು ಕಣ್ಣಿಗೆ ಸವರಿಕೊಂಡರು, ಬೇನೆ ವಾಸಿಯಾಯಿತು. ಆ ಹರಕೆ ತೀರಿಸಲು ಗಾಲ್‌ನ ತೂರ್ ಪಟ್ಟಣದಲ್ಲಿರುವ ಮಾರ್ಟಿನನ ಸಮಾಧಿಗೆ ಹೊರಟೆ ಎಂಬುದು ಅವನದೇ ಹೇಳಿಕೆ.

ಹೊರಟದ್ದು 565ರಲ್ಲಿ. ಹಿಡಿದ ದಾರಿ ಮಾತ್ರ ಹರಕೆಯವರದ್ದಲ್ಲ. ಆಲ್ಪ್ಸ್ ದಾಟಿ, ಇನ್, ಡಾನ್ಯೂಬ್, ರೈನ್ ನದಿಗಳನ್ನು ಹಾದು, 566ರ ವಸಂತದಲ್ಲಿ ಅವನು ತಲುಪಿದ್ದು ಮೆಟ್ಸ್ ನಗರವನ್ನು, ಅದೂ ರಾಜನ ಮದುವೆಯ ಸಮಯಕ್ಕೆ ಸರಿಯಾಗಿ. ಇಷ್ಟು ಅಚ್ಚುಕಟ್ಟಾದ ಕಾಕತಾಳೀಯವನ್ನು ನಂಬುವುದು ಕಷ್ಟ.

ಆಗಿನ ಗಾಲ್‌ನ ಚಿತ್ರ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಫ್ರಾಂಕರ ರಾಜ ಕ್ಲೋಥಾರ್ 561ರಲ್ಲಿ ಸತ್ತಾಗ ರಾಜ್ಯ ನಾಲ್ವರು ಮಕ್ಕಳ ನಡುವೆ ಪಾಲಾಯಿತು. ಅವರಲ್ಲಿ ಸಿಗಿಬರ್ಟ್ ಮತ್ತು ಚಿಲ್ಪೆರಿಕ್ ಎಂಬ ಇಬ್ಬರ ದಾಯಾದಿ ಮತ್ಸರ ದೇಶವನ್ನೇ ಸುಟ್ಟಿತು. ಆಳುವವರು ಜರ್ಮನಿಕ್ ಮೂಲದವರು, ಹೆಚ್ಚಿನ ಬಿಷಪ್ಪರು ಹಳೆಯ ರೋಮನ್ ಸಿರಿವಂತ ಮನೆತನಗಳ ಕುಡಿಗಳು. ರೋಮಿನ ಅಧಿಕಾರ ಹೋಗಿದ್ದರೂ ರೋಮಿನ ಠೀವಿಗೆ ಬೆಲೆಯಿತ್ತು. ಮೆಟ್ಸ್‌ನಲ್ಲಿ ಸಿಗಿಬರ್ಟ್, ಸ್ಪೇನಿನ ರಾಜಕುಮಾರಿ ಬ್ರುನ್‌ಹಿಲ್ಡಳನ್ನು ಮದುವೆಯಾಗುತ್ತಿದ್ದ. ರವೆನ್ನಾದಿಂದ ಬಂದ ತರುಣ ಎದ್ದು ನಿಂತು ವೀನಸ್ ದೇವಿಯೂ ಕ್ಯುಪಿಡನೂ ವಧೂವರರನ್ನು ಹೊಗಳುವ ಮದುವೆಹಾಡನ್ನು ಶುದ್ಧ ಲ್ಯಾಟಿನ್‌ನಲ್ಲಿ ಓದಿದ. ಸಭೆಯಲ್ಲಿ ಎಷ್ಟು ಜನಕ್ಕೆ ಅರ್ಥವಾಯಿತೋ ಏನೋ. ಹಂಸದ ಹಾಡಿಗೂ ಬಾತಿನ ಕಿರುಚಾಟಕ್ಕೂ ವ್ಯತ್ಯಾಸ ತಿಳಿಯದ ಜನರ ಮುಂದೆ ಹಾಡಿದೆ, ಕುದುರೆಯ ಮೇಲೆ ತೂಕಡಿಸುತ್ತಾ ಪದ್ಯ ಕಟ್ಟಿದೆ ಎಂದು ಮುಂದೆ ಅವನೇ ತನ್ನ ಸಂಕಲನದ ಮುನ್ನುಡಿಯಲ್ಲಿ ಗೇಲಿ ಮಾಡಿದ. ಆ ಗೇಲಿ ಕೇಳುಗರದ್ದಷ್ಟೇ ಅಲ್ಲ, ತನ್ನದೂ ಹೌದು.

ಮದುವೆಹಾಡಿನಿಂದ ಅವನಿಗೆ ಬಾಗಿಲುಗಳು ತೆರೆದವು. ಮುಂದಿನ ಪಯಣಕ್ಕೆ ರಾಜನೇ ಬೆಂಗಾವಲಿಗೆ ಒಬ್ಬನನ್ನು ಕೊಟ್ಟ. ಹಾಗೆಂದು ದಾರಿ ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಮೆಟ್ಸ್‌ನಲ್ಲೇ ಒಮ್ಮೆ ರಾಜನ ಅಡುಗೆಯವನು ಅವನ ದೋಣಿಯನ್ನು ಕಿತ್ತುಕೊಂಡ. ಕವಿ ಜಗಳಕ್ಕೆ ಹೋಗಲಿಲ್ಲ, ಪದ್ಯ ಬರೆದ. ಮಸಿ ಮೆತ್ತಿದ ಆ ಅಡುಗೆಯವನ ಮೋರೆಯನ್ನು ಅವನ ಪಾತ್ರೆಗಳಿಗೆ ಹೋಲಿಸಿ ಹಿಗ್ಗಾಮುಗ್ಗಾ ಬೈದ. ಕವಿಗಿಂತ ಅಡುಗೆಯವನಿಗೆ ಹೆಚ್ಚು ಅಧಿಕಾರವಿದ್ದ ಅರಮನೆ ಎಂಥದ್ದೆಂದು ತಿಳಿಯಲು ಈ ಒಂದು ಪದ್ಯ ಸಾಕು.

ಅವನ ಕಸುಬು ಏನು ಎಂಬುದು ಇಲ್ಲಿಂದ ಸ್ಪಷ್ಟವಾಗುತ್ತದೆ. ಬಿಷಪ್ ಒಬ್ಬ ಹೊಸ ಚರ್ಚು ಕಟ್ಟಿಸಿದರೆ ಅದಕ್ಕೊಂದು ಪದ್ಯ, ಸಿರಿವಂತನ ನದೀತೀರದ ಮನೆಗೊಂದು ಪದ್ಯ, ಸತ್ತವರಿಗೆ ಸಮಾಧಿಶಾಸನ, ಊಟ ಹಾಕಿದವರಿಗೆ ವಂದನೆ. ಒಬ್ಬ ಡ್ಯೂಕನನ್ನು ಹೊಗಳುವಾಗ, ರೋಮನ್ನರು ನಿನ್ನನ್ನು ಲೈರ್ ನುಡಿಸಿ ಹಾಡಲಿ, ಅನಾಗರಿಕರು ಹಾರ್ಪ್ ಹಿಡಿದು ಹಾಡಲಿ, ಬ್ರಿಟನ್ನರು ಕ್ರೋಟಾ ಎಂಬ ತಮ್ಮ ತಂತಿವಾದ್ಯದಲ್ಲಿ ಹಾಡಲಿ ಎನ್ನುತ್ತಾನೆ. ಹೀಗೆ ಕೂಡಿಬಂದ ಕವಿತೆಗಳ ಸಂಗ್ರಹ ಹನ್ನೊಂದು ಭಾಗಗಳಷ್ಟಿದೆ. ಇವನ ಕಾವ್ಯಕ್ಕೆ ಸಾಮಾನ್ಯ ಓದುಗ ಎಂಬವನೇ ಇಲ್ಲ. ಪ್ರತಿ ಪದ್ಯವೂ ಒಂದು ವಿಳಾಸವಿರುವ ಪತ್ರ. ಎದುರಿಗಿರುವವರು ಯಾರು, ಅವರಿಗೆ ಈ ಹೊತ್ತಿನಲ್ಲಿ ಯಾವ ಮಾತು ಬೇಕು ಎಂಬುದನ್ನು ಅಳೆಯುವುದೇ ಅವನ ವಿದ್ಯೆ.

ಪ್ಯಾರಿಸ್, ತೂರ್ ಮುಗಿಸಿ 567ರ ಸುಮಾರಿಗೆ ಪ್ವಾತಿಯೆಗೆ ಬಂದವನು ಅಲ್ಲೇ ನಿಂತುಬಿಟ್ಟ. ನಿಲ್ಲಿಸಿದ್ದು ಒಬ್ಬ ಹೆಂಗಸು.

ರಾಡೆಗುಂಡ್ ಈಗಿನ ಮಧ್ಯ ಜರ್ಮನಿಯ ತುರಿಂಗಿಯಾದ ರಾಜಕುಮಾರಿ. 531ರಲ್ಲಿ ಫ್ರಾಂಕರು ಆ ರಾಜ್ಯವನ್ನು ಧ್ವಂಸ ಮಾಡಿ, ಇನ್ನೂ ಹುಡುಗಿಯಾಗಿದ್ದ ಅವಳನ್ನು ಕೊಳ್ಳೆಯ ಪಾಲಿನಂತೆ ಹೊತ್ತು ತಂದರು. ಮೇಲೆ ಹೇಳಿದ ಕ್ಲೋಥಾರ್ ಅವಳನ್ನು ಮದುವೆಯಾದ. ವರ್ಷಗಳ ನಂತರ ಅವಳ ತಮ್ಮನನ್ನೂ ಅವನೇ ಕೊಲ್ಲಿಸಿದ. ಅಲ್ಲಿಗೆ ರಾಣಿ ಅರಮನೆ ತೊರೆದಳು, ಬಿಷಪ್ ಮೆದಾರ್ಡನಿಂದ ಬಲವಂತವಾಗಿಯೇ ಎಂಬಂತೆ ದೀಕ್ಷೆ ಪಡೆದು ಪ್ವಾತಿಯೆಯಲ್ಲಿ ಕನ್ಯಾಮಠ ಕಟ್ಟಿದಳು. ಮಠಕ್ಕೆ ತಾನು ಮುಖ್ಯಸ್ಥೆಯಾಗಲಿಲ್ಲ. ಸಾಕುಮಗಳಂತಿದ್ದ ಆಗ್ನೆಸ್‌ಳನ್ನು ಆ ಪೀಠದಲ್ಲಿ ಕೂರಿಸಿ ತಾನು ಪಾತ್ರೆ ತೊಳೆಯುವವರ ಜೊತೆ ನಿಂತಳು. ಅಲ್ಲಿನ ನಿಯಮ ಕಠಿಣ: ಒಳಬಂದವರು ಸಾಯುವವರೆಗೆ ಗೋಡೆಯಾಚೆ ಕಾಲಿಡುವಂತಿಲ್ಲ. ಹಾಗಾಗಿ ಹೊರಗಿನ ವ್ಯವಹಾರಕ್ಕೆ ನಂಬಿಕೆಯ ಮನುಷ್ಯನೊಬ್ಬ ಬೇಕಿತ್ತು. ಆ ಮನುಷ್ಯ ಫೋರ್ಟುನಾಟಸ್ ಆದ, ಮುಂದೆ ಪಾದ್ರಿಯೂ ಆದ.

ಗೋಡೆಯ ಈಚೆಗೂ ಆಚೆಗೂ ಇಪ್ಪತ್ತು ವರ್ಷ ಚೀಟಿಗಳು ಓಡಾಡಿದವು. ಒಳಗಿನಿಂದ ಮೊಟ್ಟೆ, ಪ್ಲಮ್ ಹಣ್ಣು, ಹಾಲು, ತರಕಾರಿ ಬರುತ್ತಿದ್ದವು. ಹೊರಗಿನಿಂದ ನೇರಿಳೆ ಬಣ್ಣದ ವಯಲೆಟ್ ಹೂಗಳು, ಪದ್ಯಗಳು ಹೋಗುತ್ತಿದ್ದವು. ಒಮ್ಮೆ ಬೆತ್ತದ ಕಡ್ಡಿಗಳಿಂದ ತನ್ನ ಕೈಯಾರೆ ಬುಟ್ಟಿ ಹೆಣೆದು, ಅದರಲ್ಲಿ ಚೆಸ್ಟ್‌ನಟ್ ಕಾಯಿ ತುಂಬಿ ಕಳುಹಿಸಿದ. ಆಗ್ನೆಸ್ ಜೊತೆಗಿನ ಸಲಿಗೆಯ ಬಗ್ಗೆ ಊರು ಪಿಸುಗುಟ್ಟಿತು. ಅದಕ್ಕೂ ಪದ್ಯದಲ್ಲೇ ಉತ್ತರ: ರಾಡೆಗುಂಡಳೇ ನಮ್ಮಿಬ್ಬರನ್ನೂ ಒಂದೇ ಬಸಿರಿನಲ್ಲಿ ಹೆತ್ತಿದ್ದಳೇನೋ ಎಂಬಂತೆ ನೀನು ನನಗೆ ಸಹೋದರಿ. ಮಾತಿನಲ್ಲಿ ನೋವಿದೆ. ನಾನದನ್ನು ನಂಬುತ್ತೇನೆ.

ರಾಡೆಗುಂಡಳ ದನಿಯಲ್ಲಿ ಅವನು ಬರೆದ ಒಂದು ದೀರ್ಘ ಪದ್ಯವಿದೆ. ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ನೆಲೆಸಿದ್ದ ದಾಯಾದಿ ಅಮಲಾಫ್ರಿಡ್‌ನಿಗೆ ಅವಳು ಬರೆದ ಪತ್ರದ ರೂಪ ಅದಕ್ಕೆ. ತುರಿಂಗಿಯಾದ ನಾಶವನ್ನು ಟ್ರಾಯ್ ನಗರದ ಪತನಕ್ಕೆ ಹೋಲಿಸುತ್ತಾ ಹೊರಟು, ಥಟ್ಟನೆ ಒಂದು ಕಡೆ ನೆಲಕ್ಕೆ ಇಳಿಯುತ್ತದೆ: ಹೆಂಡತಿ ಬರಿಗಾಲಿನಲ್ಲಿ ಗಂಡನ ನೆತ್ತರನ್ನು ತುಳಿದು ನಡೆದಳು, ಬಿದ್ದಿದ್ದ ತಮ್ಮನನ್ನು ದಾಟಿ ಅಕ್ಕ ಹೋದಳು. ಸೆರೆಯವರ ಸಾಲು ಊರು ಬಿಟ್ಟು ಹೊರಡುವಾಗಿನ ಒಂದು ಕ್ಷಣ ಇದು. ಇಂಥ ಸಾಲು ಕಣ್ಣಾರೆ ಕಂಡವರಿಂದ ಬರಬೇಕು. ಆ ಪದ್ಯದಲ್ಲಿ ರಾಡೆಗುಂಡಳ ಕೈ ಎಷ್ಟಿದೆ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ಕನಿಷ್ಠ ಪಕ್ಷ ಅವಳು ಹೇಳಿದಳು, ಅವನು ಕೇಳಿದ.

ಆ ಪೂರ್ವದೇಶದ ನಂಟಿನಿಂದಲೇ ದೊಡ್ಡ ಸಂಗತಿಯೊಂದು ನಡೆಯಿತು. ಯೇಸುವನ್ನು ಏರಿಸಿದ ಶಿಲುಬೆಯದೆಂದು ನಂಬಲಾದ ಮರದ ಚೂರೊಂದನ್ನು ಕೊಡಿ ಎಂದು ರಾಡೆಗುಂಡ್ ಚಕ್ರವರ್ತಿ ಎರಡನೆಯ ಜಸ್ಟಿನ್‌ನನ್ನೂ ಸಾಮ್ರಾಜ್ಞಿ ಸೋಫಿಯಾಳನ್ನೂ ಕೇಳಿಕೊಂಡಳು. 569ರಲ್ಲಿ ಚೂರು ಬಂತು. ಊರಿನ ಬಿಷಪ್ ಮರೊವೆಯಸ್‌ಗೆ ಈ ರಾಣಿಯನ್ನು ಕಂಡರಾಗದು. ಪ್ರತಿಷ್ಠಾಪನೆ ಮಾಡಿಕೊಡೆಂದರೆ ಕುದುರೆ ಹತ್ತಿ ತನ್ನ ಹಳ್ಳಿಯ ತೋಟದಮನೆಗೆ ಹೊರಟುಹೋದ. ಕೊನೆಗೆ ರಾಜ ಸಿಗಿಬರ್ಟ್‌ನ ಆಜ್ಞೆಯ ಮೇಲೆ ತೂರ್‌ನ ಆಗಿನ ಬಿಷಪ್ ಬಂದು ಆ ಕೆಲಸ ಮುಗಿಸಿದ. ಮಠಕ್ಕೆ ಪವಿತ್ರ ಶಿಲುಬೆಯ ಹೆಸರು ಬಂತು. ಈ ಸಂದರ್ಭಕ್ಕಾಗಿ ಫೋರ್ಟುನಾಟಸ್ ಬರೆದದ್ದೇ ಆ ಎರಡು ಗೀತೆಗಳು: 'ವೆಕ್ಸಿಲ್ಲಾ ರೇಜಿಸ್' ಮತ್ತು 'ಪಾಂಜೆ ಲಿಂಗ್ವಾ'.

ಅವುಗಳ ಒಳಗೆ ಹೊಕ್ಕು ನೋಡಬೇಕು. ಲ್ಯಾಟಿನ್‌ನ ಹಳೆಯ ಛಂದಸ್ಸು ನಮ್ಮ ವೃತ್ತಗಳ ಹಾಗೆ ಲಘು ಗುರುಗಳ ಲೆಕ್ಕದ್ದು. ಆದರೆ ಆರನೆಯ ಶತಮಾನದ ಹೊತ್ತಿಗೆ ಗಾಲ್‌ನ ಜನರ ಮಾತಿನಲ್ಲಿ ಹ್ರಸ್ವ ದೀರ್ಘಗಳ ಭೇದ ಅಳಿಸಿಹೋಗಿತ್ತು. ಕಿವಿಗೆ ಕೇಳುತ್ತಿದ್ದುದು ಪದದ ಮೇಲೆ ಬೀಳುವ ಒತ್ತು ಮಾತ್ರ. ಲಘು ಯಾವುದು ಗುರು ಯಾವುದು ಎಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಬೇಕಿತ್ತು. ಕವಿತೆಯ ಹುಚ್ಚು ಹಿಡಿದಿದ್ದ ರಾಜ ಚಿಲ್ಪೆರಿಕ್ ಬರೆದ ಪದ್ಯಗಳಲ್ಲಿ ಲಘುವಿನ ಜಾಗದಲ್ಲಿ ಗುರು, ಗುರುವಿನ ಜಾಗದಲ್ಲಿ ಲಘು ಇದ್ದು, ಅವು ಪಾದದ ಮೇಲೆ ನಿಲ್ಲಲಾರವು ಎಂದು ತೂರ್‌ನ ಬಿಷಪ್ ಗ್ರೆಗರಿ ಚುಚ್ಚಿದ. ಕಾಲು ಎಂಬ ಪದಕ್ಕೇ ಛಂದಸ್ಸಿನ ಗಣ ಎಂಬ ಅರ್ಥವೂ ಲ್ಯಾಟಿನ್‌ನಲ್ಲಿರುವುದರಿಂದ ಆ ಕುಟುಕು ಚೆನ್ನಾಗಿ ನಾಟಿರಬೇಕು.

'ಪಾಂಜೆ ಲಿಂಗ್ವಾ ಗ್ಲೋರಿಓಸಿ ಪ್ರೇಲಿಉಮ್ ಚೆರ್ತಾಮಿನಿಸ್' ಎಂಬ ಮೊದಲ ಸಾಲನ್ನು ಗಟ್ಟಿಯಾಗಿ ಓದಿ. ಎಂಟು ಅಕ್ಷರ, ಸಣ್ಣ ನಿಲುಗಡೆ, ಮತ್ತೆ ಏಳು ಅಕ್ಷರ. ಗುರು ಲಘು, ಗುರು ಲಘು ಎಂದು ಹೆಜ್ಜೆ ಹಾಕುವ ಲಯ. ಗೆದ್ದು ಬಂದ ರೋಮನ್ ಸೈನಿಕರು ಸೇನಾಪತಿಯ ರಥದ ಹಿಂದೆ ಕೂಗುತ್ತಾ ಬರುತ್ತಿದ್ದುದು ಇದೇ ಮಟ್ಟಿನಲ್ಲಿ. ಜೂಲಿಯಸ್ ಸೀಸರನ ಬೋಳುತಲೆಯನ್ನು ಅವನ ಸೈನಿಕರೇ ಆಡಿಕೊಂಡ ಹಾಡೂ ಇದೇ ಧಾಟಿಯದು. ಓದು ಬಲ್ಲವನಿಗೆ ಇಲ್ಲಿ ಲಘು ಗುರುಗಳು ಸರಿಯಾಗಿವೆ, ಓದು ಬಾರದವನಿಗೆ ಒತ್ತುಗಳು ಬಹುಮಟ್ಟಿಗೆ ಅದೇ ತಾಳಕ್ಕೆ ಬೀಳುತ್ತವೆ. ಮೆರವಣಿಗೆಯಲ್ಲಿ ಎಲ್ಲರೂ ಹೆಜ್ಜೆ ಹಾಕಬಹುದು. ಅರ್ಥವೂ ಯುದ್ಧದ್ದೇ: ನಾಲಗೆಯೇ, ಆ ಮಹಿಮೆಯ ಹೋರಾಟದ ಕದನವನ್ನು ಹಾಡು.

ಇನ್ನೊಂದು ಗೀತೆ 'ರಾಜನ ಪತಾಕೆಗಳು ಮುಂದೆ ಸಾಗುತ್ತಿವೆ' ಎಂದು ಆರಂಭವಾಗುತ್ತದೆ. ವೆಕ್ಸಿಲ್ಲಾ ಎಂದರೆ ರೋಮನ್ ಸೇನೆಯ ಧ್ವಜಗಳು. ಶಿಲುಬೆಯ ಮರ ಇಲ್ಲಿ ರಾಜನ ನೇರಳೆ ವಸ್ತ್ರ ಹೊದ್ದಿದೆ, ರಕ್ತವೇ ಆ ವಸ್ತ್ರ. ಅದರ ತೋಳು ತಕ್ಕಡಿಯ ದಂಡವಾಗಿ ಲೋಕದ ಬಿಡುಗಡೆಯ ಬೆಲೆಯನ್ನು ತೂಗುತ್ತದೆ. ಒಬ್ಬ ರಾಜ ನಗರ ಪ್ರವೇಶಿಸುವಾಗ ಧ್ವಜ ಹಿಡಿದು, ಉಡುಪನ್ನು ಬಣ್ಣಿಸಿ, ಗೆಲುವನ್ನು ಹಾಡಿ ಬರಮಾಡಿಕೊಳ್ಳುವುದು ಆಸ್ಥಾನ ಕವಿಗಳ ಹಳೆಯ ಪದ್ಧತಿ. ಸಿಗಿಬರ್ಟ್‌ನಂಥವರಿಗೆ ಮಾಡಿದ್ದನ್ನೇ ಫೋರ್ಟುನಾಟಸ್ ಇಲ್ಲಿ ಒಂದು ಮರದ ಚೂರಿಗೆ ಮಾಡಿದ. ವ್ಯತ್ಯಾಸವಿಷ್ಟೇ, ಈ ಸಲ ಹೊಗಳಿಕೆಗೆ ತಕ್ಕ ರಾಜ ಸಿಕ್ಕಿದ್ದ. ಪತ್ರ ಬರೆಯುವ ಅಭ್ಯಾಸವೂ ಬಿಡಲಿಲ್ಲ. 'ಪಾಂಜೆ ಲಿಂಗ್ವಾ'ದಲ್ಲಿ 'ಎತ್ತರದ ಮರವೇ, ಕೊಂಬೆಗಳನ್ನು ಬಾಗಿಸು, ಬಿಗಿದ ಮೈಯನ್ನು ಸಡಿಲಿಸು' ಎಂದು ಮರವನ್ನೇ ಮಾತನಾಡಿಸುತ್ತಾನೆ. ಅದರ ಮೇಲೆ ಮಲಗಿರುವವನಿಗೆ ನೋವು ಕಡಿಮೆಯಾಗಲಿ ಎಂದು.

ಈ ಗೀತೆಗಳ ಮುಂದಿನ ಪಯಣ ದೊಡ್ಡದು. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಪರಮಪ್ರಸಾದದ ಮೇಲೆ ಗೀತೆ ಬರೆದಾಗ ಇದೇ 'ಪಾಂಜೆ ಲಿಂಗ್ವಾ'ದ ಮೊದಲ ಪದಗಳನ್ನೂ ಮಟ್ಟನ್ನೂ ಎತ್ತಿಕೊಂಡ. ಮಂಗಳೂರಿನ ಕಥೋಲಿಕ ಮನೆಗಳ ಹಿರಿಯರಿಗೆ ಪರಿಚಿತವಾದ 'ತಾಂತುಮ್ ಎರ್ಗೊ' ಆ ಗೀತೆಯ ಕೊನೆಯ ಚರಣಗಳು. ಅಂದರೆ ಅದರ ಹೆಜ್ಜೆ ಫೋರ್ಟುನಾಟಸ್‌ನದು, ಇನ್ನೂ ಹಿಂದೆ ಹೋದರೆ ಸೀಸರನ ಸಿಪಾಯಿಗಳದು. ಇಟಲಿಯ ಕವಿ ದಾಂತೆ ತನ್ನ ಕಾವ್ಯದ ನರಕಭಾಗದ ಕೊನೆಯ ಸರ್ಗವನ್ನು 'ವೆಕ್ಸಿಲ್ಲಾ ರೇಜಿಸ್' ಸಾಲಿನಿಂದಲೇ ಆರಂಭಿಸಿ, ಅದಕ್ಕೆ 'ನರಕದ' ಎಂಬ ಒಂದೇ ಪದ ಸೇರಿಸಿ ಸೈತಾನನ ಕಡೆಗೆ ತಿರುಗಿಸಿದ.

ಇನ್ನು ಕೈಗೆ ರಕ್ತ ಅಂಟಿದ ರಾಜನನ್ನು ಹೊಗಳಿದ ಆ ಕಪ್ಪುಚುಕ್ಕೆಯ ವಿಷಯ. ಬ್ರುನ್‌ಹಿಲ್ಡಳ ಅಕ್ಕ ಗೆಲೆಸ್ವಿಂಥಾಳನ್ನು ಚಿಲ್ಪೆರಿಕ್ ಮದುವೆಯಾದ, ಕೆಲವೇ ಕಾಲದಲ್ಲಿ ಅವಳು ಹಾಸಿಗೆಯಲ್ಲಿ ಕತ್ತು ಹಿಸುಕಿ ಕೊಲೆಯಾದಳು, ಅವನು ಫ್ರೆಡೆಗುಂಡಳನ್ನು ಕಟ್ಟಿಕೊಂಡ. ಫೋರ್ಟುನಾಟಸ್ ಗೆಲೆಸ್ವಿಂಥಾಳ ಮೇಲೆ ದೀರ್ಘ ಶೋಕಗೀತೆ ಬರೆದ. ಟೊಲೆಡೊದಲ್ಲಿ ತಾಯಿ ಮಗಳನ್ನು ಬಿಟ್ಟುಕೊಡಲಾರದೆ ಅತ್ತದ್ದು, ಸಮಾಧಿಯ ಬಳಿ ನೇತುಹಾಕಿದ್ದ ದೀಪ ಕಲ್ಲಿನ ಮೇಲೆ ಬಿದ್ದರೂ ಒಡೆಯದೆ ಆರದೆ ಉಳಿದದ್ದು, ಎಲ್ಲ ಅದರಲ್ಲಿದೆ. ಕೊಂದವರು ಯಾರೆಂಬುದು ಮಾತ್ರ ಇಲ್ಲ. 580ರಲ್ಲಿ ಇದೇ ಚಿಲ್ಪೆರಿಕ್ ಬೆರ್ನಿಯಲ್ಲಿ ಬಿಷಪ್ಪರ ಸಭೆ ಕರೆದು, ರಾಣಿ ಫ್ರೆಡೆಗುಂಡಳ ಶೀಲದ ಬಗ್ಗೆ ಅಪಪ್ರಚಾರ ಮಾಡಿದನೆಂದು ಗ್ರೆಗರಿಯನ್ನು ವಿಚಾರಣೆಗೆ ನಿಲ್ಲಿಸಿದ. ಗ್ರೆಗರಿ ಕವಿಯ ಆಪ್ತ, ಪೋಷಕ, ಪದ್ಯಗಳನ್ನು ಸಂಕಲಿಸು ಎಂದು ಹುರಿದುಂಬಿಸಿದವನು. ಆ ಸಂದರ್ಭದಲ್ಲಿ ಫೋರ್ಟುನಾಟಸ್ ರಾಜನಿಗೆ ಅರ್ಪಿಸಿದ್ದು ಅಪ್ಪಟ ಹೊಗಳಿಕೆಯ ಪದ್ಯ: ನೀನು ನ್ಯಾಯವಂತ, ವಿದ್ಯಾವಂತ, ಕವಿತೆಯಲ್ಲೂ ಮುಂದು. ಗ್ರೆಗರಿಯೋ ತನ್ನ ಇತಿಹಾಸಗ್ರಂಥದಲ್ಲಿ ಈ ರಾಜನನ್ನು ನಮ್ಮ ಕಾಲದ ನೀರೋ, ಹೆರೋದ ಎಂದು ಕರೆದಿದ್ದಾನೆ.

ಇದು ಗೆಳೆಯನಿಗೆ ಮಾಡಿದ ದ್ರೋಹವೇ? ಹಾಗೆ ಓದಿದವರಿದ್ದಾರೆ. ಆದರೆ ಪದ್ಯದಲ್ಲೇ ಒಂದು ಕಡೆ ಅವನು ರಾಜನ ಹೆಸರಿನ ಅರ್ಥ ಬಿಡಿಸುತ್ತಾನೆ: ಚಿಲ್ಪೆರಿಕ್ ಎಂದರೆ ಬಲಶಾಲಿಯಾದ ಸಹಾಯಕ, ಈ ಹೆಸರು ಸುಮ್ಮನೆ ಬಂದದ್ದಲ್ಲ. ಆರೋಪಿಯ ಗೆಳೆಯ ನ್ಯಾಯಾಧೀಶನಿಗೆ ಹೇಳುವ ಮಾತು ಇದು. 'ನೀನು ನ್ಯಾಯವಂತ' ಎಂದು ತುಂಬಿದ ಸಭೆಯಲ್ಲಿ ಹೇಳಿಸಿಕೊಂಡವನು ಮರುಗಳಿಗೆ ಅನ್ಯಾಯ ಮಾಡುವುದು ತುಸು ಕಷ್ಟ. ಗ್ರೆಗರಿ ಪ್ರಮಾಣ ಮಾಡಿ ಪಾರಾದ, ಇಬ್ಬರ ಸ್ನೇಹ ಮುಕ್ಕಾಗಲಿಲ್ಲ. ಪ್ವಾತಿಯೆಯೂ ಆಗ ಚಿಲ್ಪೆರಿಕ್‌ನ ಹಿಡಿತದಲ್ಲೇ ಇತ್ತೆಂಬುದನ್ನು, ಗೋಡೆಯೊಳಗಿನ ಇಬ್ಬರು ಹೆಂಗಸರ ಕ್ಷೇಮ ಅವನ ಕೈಯಲ್ಲಿತ್ತೆಂಬುದನ್ನು ಮರೆಯಬಾರದು. ಹಾಗಿದ್ದರೂ ಗೆಲೆಸ್ವಿಂಥಾಳಿಗಾಗಿ ಅತ್ತ ಕೈಯಲ್ಲಿ ಈ ಪದ್ಯ ಓದುವಾಗ ಬಾಯಿ ಕಹಿಯಾಗುವುದನ್ನು ನಾನು ಅಲ್ಲಗಳೆಯಲಾರೆ.

ಪದ್ಯದಿಂದ ಕೆಲಸ ಸಾಧಿಸುವ ಅವನ ಛಲಕ್ಕೆ ಇನ್ನೂ ಸೊಗಸಾದ ಉದಾಹರಣೆಯಿದೆ. ಮಗ ಸೆರೆಯಾಗಿದ್ದಾನೆಂದು ತಂದೆಯೊಬ್ಬ ಅಳುತ್ತಾ ಬಂದ. ಬಿಡಿಸಲು ಹಣವಿಲ್ಲದ ಕವಿ ಓತನ್ ನಗರದ ಬಿಷಪ್ ಸಯಾಗ್ರಿಯಸ್‌ಗೆ ಒಂದು ಚಿತ್ರಬಂಧ ರಚಿಸಿ ಕಳುಹಿಸಿದ. 33 ಸಾಲು, ಪ್ರತಿ ಸಾಲಿಗೆ ಸರಿಯಾಗಿ 33 ಅಕ್ಷರ, ಯೇಸುವಿನ ವಯಸ್ಸಿನ ಲೆಕ್ಕ. ಅಡ್ಡ ಓದಿದರೆ ಪದ್ಯ, ಅಂಚಿನಲ್ಲಿ ಮತ್ತು ಓರೆಯಾಗಿ ಓದಿದರೆ ಬೇರೆ ಸಾಲುಗಳು. ಒಂದು ಅಕ್ಷರ ಹೆಚ್ಚಿದರೂ ತಗ್ಗಿದರೂ ನೇಯ್ಗೆ ಕೆಡುತ್ತದೆ ಎಂದು ಜೊತೆಗಿನ ಪತ್ರದಲ್ಲಿ ಮಗ್ಗದವನ ಹಾಗೆ ಗೊಣಗಿದ್ದಾನೆ. ಸೆರೆಯಾಳಿನ ಒತ್ತೆಹಣಕ್ಕೆ ಬದಲಾಗಿ ಕೊಟ್ಟದ್ದು ಅಕ್ಷರಗಳ ಬಟ್ಟೆ.

ರಾಡೆಗುಂಡ್ 587ರ ಆಗಸ್ಟ್ 13ರಂದು ತೀರಿಕೊಂಡಳು. ಮರೊವೆಯಸ್ ಆಗಲೂ ಊರಿನಲ್ಲಿರಲಿಲ್ಲ, ಗ್ರೆಗರಿ ಬಂದು ಮಣ್ಣು ಮಾಡಿದ. ಹೊರಬರುವಂತಿಲ್ಲದ ಕನ್ಯಾಸ್ತ್ರೀಯರು ಕಿಟಕಿಗಳಲ್ಲಿ, ಗೋಡೆಯ ಮೇಲೆ ನಿಂತು ಕೆಳಗೆ ಸಾಗುತ್ತಿದ್ದ ಶವವನ್ನು ನೋಡಿ ಗೋಳಾಡಿದ್ದನ್ನು ಅವನು ದಾಖಲಿಸಿದ್ದಾನೆ. ಎರಡೇ ವರ್ಷದಲ್ಲಿ ಮಠದಲ್ಲಿ ದಂಗೆಯೆದ್ದಿತು. ರಾಜವಂಶದ ಇಬ್ಬರು ಕನ್ಯಾಸ್ತ್ರೀಯರು ಹೊಸ ಮುಖ್ಯಸ್ಥೆಯ ವಿರುದ್ಧ ತಿರುಗಿಬಿದ್ದು ಗೂಂಡಾಗಳನ್ನು ಕಟ್ಟಿಕೊಂಡರು. ಫೋರ್ಟುನಾಟಸ್ ಗದ್ಯದಲ್ಲಿ ರಾಡೆಗುಂಡಳ ಚರಿತ್ರೆ ಬರೆದ. ವಿಚಿತ್ರವೆಂದರೆ ಅದರಲ್ಲಿ ಅವಳ ಉಪವಾಸ, ದೇಹದಂಡನೆಗಳೇ ತುಂಬಿವೆ, ಶಿಲುಬೆಯ ಚೂರಿನ ಸುದ್ದಿಯೇ ಇಲ್ಲ. ಆ ಕೊರತೆ ತುಂಬಿದ್ದು ಮುಂದೆ ಅದೇ ಮಠದ ಬೌಡೋನಿವಿಯಾ ಎಂಬ ಕನ್ಯಾಸ್ತ್ರೀ ಬರೆದ ಎರಡನೆಯ ಚರಿತ್ರೆ.

ಪ್ವಾತಿಯೆಯ ಬಿಷಪ್ ಪದವಿ ಅವನಿಗೆ ಬಂದದ್ದು 600ರ ಆಸುಪಾಸಿನಲ್ಲಿ, ಅರವತ್ತು ದಾಟಿದ ಮೇಲೆ. ಹೆಚ್ಚು ಕಾಲ ಆ ಪೀಠದಲ್ಲಿ ಇರಲಿಲ್ಲ, ಏಳನೆಯ ಶತಮಾನದ ಮೊದಲ ವರ್ಷಗಳಲ್ಲೇ ತೀರಿಕೊಂಡ.

ಇಟಲಿಗೆ ಮತ್ತೆ ಹೋಗಲೇ ಇಲ್ಲ. ಅವನು ಹೊರಟ ಮೂರು ವರ್ಷಕ್ಕೆ, 568ರಲ್ಲಿ, ಲೊಂಬಾರ್ಡರು ಎಂಬ ಜರ್ಮನಿಕ್ ಜನ ಅವನ ಊರಿನ ದಿಕ್ಕಿನಿಂದಲೇ ಇಟಲಿಗೆ ನುಗ್ಗಿದ್ದರು. ಪಿಯಾವೆ ನದಿಯ ದಡದಲ್ಲಿ ಅವರ ರಾಜ ಅಲ್ಬೋಯಿನ್‌ನನ್ನು ಎದುರುಗೊಂಡು ಚರ್ಚಿನ ಆಸ್ತಿ ಉಳಿಸಿಕೊಡೆಂದು ಬೇಡಿದ ಟ್ರೆವಿಸೊದ ಬಿಷಪ್ ಬೇರೆ ಯಾರೂ ಅಲ್ಲ, ಕಣ್ಣಿಗೆ ಎಣ್ಣೆ ಸವರಿಕೊಂಡಿದ್ದ ಅದೇ ಫೆಲಿಕ್ಸ್. 570ರ ದಶಕದಲ್ಲಿ ಫೋರ್ಟುನಾಟಸ್ ಸಂತ ಮಾರ್ಟಿನನ ಚರಿತ್ರೆಯನ್ನು ನಾಲ್ಕು ಭಾಗಗಳ ಕಾವ್ಯವಾಗಿ ಬರೆದಾಗ, ಕೊನೆಯಲ್ಲಿ ಪುಸ್ತಕಕ್ಕೇ ದಾರಿ ಹೇಳಿ ಕಳುಹಿಸಿದ: ನದಿಗಳನ್ನು ದಾಟು, ಆಲ್ಪ್ಸ್ ಹತ್ತು, ನನ್ನ ಊರನ್ನು ಹಾದು ಹೋಗು, ಫೆಲಿಕ್ಸ್‌ನನ್ನು ವಿಚಾರಿಸು, ರವೆನ್ನಾದ ಆ ದೀಪದ ಮುಂದೆ ನಿಲ್ಲು.

ಸುಮಾರು ಎರಡು ಶತಮಾನಗಳ ನಂತರ ಇಟಲಿಯಿಂದ ಸನ್ಯಾಸಿಯೊಬ್ಬ ಪ್ವಾತಿಯೆಗೆ ಬಂದು ಅವನ ಸಮಾಧಿಯ ಮುಂದೆ ಪ್ರಾರ್ಥಿಸಿದ. ಅಲ್ಲಿನವರು ಕೇಳಿಕೊಂಡದ್ದರಿಂದ ಸಮಾಧಿಗೆಂದು ಒಂದು ಪದ್ಯ ಬರೆದುಕೊಟ್ಟ, ತನ್ನ ಇತಿಹಾಸಗ್ರಂಥದಲ್ಲಿ ಅವನ ಬದುಕಿನ ಸಾರಾಂಶವನ್ನೂ ಸೇರಿಸಿದ. ಅವನ ಹೆಸರು ಪೌಲ್. ಅವನು ಲೊಂಬಾರ್ಡ್, ಅವನ ಮುತ್ತಜ್ಜನ ತಂದೆ ಅಲ್ಬೋಯಿನ್‌ನ ಸೇನೆಯೊಂದಿಗೆ ಇಟಲಿಗೆ ಬಂದವನು.